ತೆಗೆದ ಫೋಟೋ ಸಿಗಬೇಕಲ್ಲ

ನನ್ನ ಕಂಪ್ಯೂಟರಿನಲ್ಲಿ ಒಂದು ಫೋಟೋ ಇದೆ. ಮೊಳಕಾಲುದ್ದ ನೀರು. ನೀರಿನಲ್ಲಿ ನಿಂತ ಎತ್ತಿನ ಬಂಡಿ. ಬಂಡಿಯ ಮೇಲೆ ಹಾಸಿಗೆಯ ಸುರುಳಿ, ಅದರ ಮೇಲೆ ತಲೆತುಂಬ ಸೆರಗು ಹೊದ್ದು ಕುಳಿತ ಒಬ್ಬ ಅಜ್ಜಿ. ಫೈಲಿನ ಹೆಸರು ‘ಐಎಂಜಿ-20201017-ಡಬ್ಲ್ಯೂಎ0023’. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಿಗೆ ನುಗ್ಗಿದಾಗ ಯಾರೋ ತೆಗೆದದ್ದು. ವಾಟ್ಸ್‌ಆ್ಯಪಿನಲ್ಲಿ ಕೈಯಿಂದ ಕೈಗೆ ದಾಟಿ ನನಗೆ ಬಂತು. ಆ ಹೆಸರಿನಲ್ಲಿರುವ ತಾರೀಖು ಫೋಟೋ ನನ್ನ ಫೋನಿಗೆ ಬಂದ ದಿನದ್ದು, ತೆಗೆದ ದಿನದ್ದಲ್ಲ. ಯಾವ ಊರು, ಯಾರ ಬಂಡಿ, ಅಜ್ಜಿ ಯಾರು, ತೆಗೆದವರು ಯಾರು, ಒಂದೂ ಗೊತ್ತಿಲ್ಲ. ವಾಟ್ಸ್‌ಆ್ಯಪ್ ಫೋಟೋವನ್ನು ಕುಗ್ಗಿಸಿ ಕಳಿಸುವಾಗ ಅದರೊಳಗಿದ್ದ ಸಮಯ, ಸ್ಥಳದ ಗುರುತನ್ನೂ ಉದುರಿಸಿಬಿಡುತ್ತದೆ.

ಅಸಲು ಫೋಟೋ ಹುಡುಕಿಕೊಂಡು ಎರಡು ಮೂರು ಸ್ಟುಡಿಯೋಗಳ ಮೆಟ್ಟಿಲು ಹತ್ತಿದೆ. ಒಬ್ಬರು ಕುರ್ಚಿ ಕೊಟ್ಟು, ಚಹಾ ತರಿಸಿ, ಮೇಜಿನ ಖಾನೆ ಎಳೆದರು. ಒಳಗೆ ರಬ್ಬರ್ ಬ್ಯಾಂಡ್ ಸುತ್ತಿದ ಆರು ಹಾರ್ಡ್ ಡಿಸ್ಕು. ಒಂದರ ಮೇಲೆ ಮಾರ್ಕರಿನಲ್ಲಿ ‘ಮದುವಿ 3’ ಎಂದಿತ್ತು, ಉಳಿದವುಗಳ ಮೇಲೆ ಅದೂ ಇಲ್ಲ. “ಹೊಳಿ ಬಂದಾಗಿನ ಫೋಟೋ ಭಾಳ ಅದಾವ್ರಿ. ಯಾ ಡಿಸ್ಕಿನಾಗ ಅದಾವೋ ಗೊತ್ತಿಲ್ರಿ” ಎಂದು ನಕ್ಕರು. ಅವರನ್ನು ದೂರಲು ನನಗೆ ಬಾಯಿಲ್ಲ. ನನ್ನ ಮನೆಯ ಡಿಸ್ಕುಗಳ ಗತಿಯೂ ಅದೇ ಆಗಿತ್ತು.

ಅದಕ್ಕೇ ಈ ಮನವಿ. ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ಸ್ಟುಡಿಯೋ ನಡೆಸುವ ಅಣ್ಣಂದಿರೇ, ತಮ್ಮಂದಿರೇ, ಫೋನಿನಲ್ಲೇ ಊರ ಜಾತ್ರೆ ಹಿಡಿದಿಡುವ ಅಕ್ಕ ತಂಗಿಯರೇ, ಶಾಲೆಯ ಕಾರ್ಯಕ್ರಮಕ್ಕೆ ಕ್ಯಾಮೆರಾ ಹಿಡಿಯುವ ಮಾಸ್ತರರೇ, ಈ ಮಾತು ನಿಮ್ಮೆಲ್ಲರಿಗೆ.

ಹೊಸ ಕಂಪ್ಯೂಟರ್ ತಂದವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಒಂದೇ: “ಯಾವ ಸಾಫ್ಟ್‌ವೇರ್ ಹಾಕಿಸಲಿ?” ಅವರ ಮನಸ್ಸಿನಲ್ಲಿ ಆಗಲೇ ಫೋಟೋಶಾಪ್ ಇರುತ್ತದೆ. ಇರಲಿ. 1990ರಿಂದ ಇರುವ ಗಟ್ಟಿ ಸಾಧನ ಅದು. ಕರಿಜ್ಮಾ ಆಲ್ಬಮ್ ಮಾಡುವವರಿಗೆ ಅದಿಲ್ಲದೆ ನಡೆಯದು ಎಂಬುದನ್ನೂ ಬಲ್ಲೆ. ಆದರೆ 2013ರಿಂದ ಅಡೋಬಿ ಸಂಸ್ಥೆ ಅದರ ಹೊಸ ಆವೃತ್ತಿಗಳನ್ನು ಬಾಡಿಗೆಯ ಲೆಕ್ಕದಲ್ಲಿ ಮಾತ್ರ ಕೊಡುತ್ತಿದೆ. ಬಾಡಿಗೆ ಭಾರವಾದಾಗ ನಮ್ಮ ಕೈ ಕ್ರ್ಯಾಕ್ ಮಾಡಿದ ಪ್ರತಿಯತ್ತ ಹೋಗುತ್ತದೆ. ಅದನ್ನು ಹಾಕುವಾಗ ‘ಮೊದಲು ಆಂಟಿವೈರಸ್ ಬಂದ್ ಮಾಡಿ’ ಎಂಬ ಸೂಚನೆ ಬರುತ್ತದಲ್ಲ, ಅಲ್ಲಿ ಒಂದು ಗಳಿಗೆ ನಿಲ್ಲಿ ಎಂದು ಕೇಳಿಕೊಳ್ಳುತ್ತೇನೆ. ಬೀಗ ತೆಗೆದು ಕೊಡಿ, ಆಮೇಲೆ ಒಳಗೆ ಬರುತ್ತೇನೆ ಎನ್ನುವವರಿಗೆ ನಾವು ಮನೆ ಬಿಟ್ಟುಕೊಡುತ್ತೇವೆಯೇ? ಹತ್ತು ವರ್ಷದ ಮದುವೆಗಳು ಆ ಒಂದೇ ಕಂಪ್ಯೂಟರಿನಲ್ಲಿವೆ.

ನನ್ನ ಅನುಭವದಲ್ಲಿ ಮೊದಲು ಬೇಕಾದದ್ದು ಮುಖ ಬೆಳ್ಳಗೆ ಮಾಡುವ ಸಾಫ್ಟ್‌ವೇರ್ ಅಲ್ಲ. ಫೋಟೋ ಎಲ್ಲಿದೆ, ಯಾರದು ಎಂದು ನೆನಪಿಡುವ ಸಾಫ್ಟ್‌ವೇರ್. ತೊಗರಿ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾಶಿ ಮಾಡಿದ ಕೂಡಲೇ ಯಾರೂ ಬೇಳೆ ಮಾಡಲು ಹೊರಡುವುದಿಲ್ಲ. ಕಾಳು ಹಸನು ಮಾಡಬೇಕು, ಚೀಲ ತುಂಬಬೇಕು, ಚೀಲದ ಮೇಲೆ ಗುರುತು ಹಾಕಬೇಕು. ಒಂದು ಮದುವೆಗೆ ಎರಡು ಸಾವಿರ ಕ್ಲಿಕ್ ಮಾಮೂಲಾಗಿದೆ. ಅವು ಹಸನಾಗದೆ ನೇರ ಫೋಟೋಶಾಪಿಗೆ ಹೋಗುತ್ತವೆ, ಉಳಿದದ್ದು ಖಾನೆಗೆ.

ಈ ಹಸನು ಮಾಡುವ ಕೆಲಸಕ್ಕೆ ‘ಡಿಜಿಕ್ಯಾಮ್’ ಎಂಬ ಸಾಫ್ಟ್‌ವೇರ್ ಇದೆ. ದುಡ್ಡು ಕೊಡಬೇಕಿಲ್ಲ, ಕ್ರ್ಯಾಕ್ ಬೇಕಿಲ್ಲ. ಕೆಡಿಇ ಎಂಬ ಸ್ವತಂತ್ರ ತಂತ್ರಾಂಶ ಸಮುದಾಯದವರು ಇಪ್ಪತ್ತು ವರ್ಷಕ್ಕೂ ಮೇಲೆ ಬೆಳೆಸಿಕೊಂಡು ಬಂದದ್ದು. ವಿಂಡೋಸ್‌ನಲ್ಲೂ ನಡೆಯುತ್ತದೆ. ಕಾರ್ಡಿನಿಂದ ಫೋಟೋ ಇಳಿಸುವಾಗಲೇ ತಾರೀಖಿನ ಹೆಸರು ಕೊಡುತ್ತದೆ. ಒಂದರಿಂದ ಐದು ನಕ್ಷತ್ರ ಕೊಟ್ಟು ಒಳ್ಳೆಯದನ್ನು ಆರಿಸಬಹುದು. ಒಂದೇ ಫೋಟೋ ಎರಡು ಮೂರು ಕಡೆ ಇದ್ದರೆ ಹುಡುಕಿ ತೋರಿಸುತ್ತದೆ. ಎಲ್ಲಕ್ಕಿಂತ ಮುಖ್ಯ, ಫೋಟೋದ ವಿವರ ಬರೆಯಲು ಒಂದು ಜಾಗ ಕೊಡುತ್ತದೆ. ಸೆಟ್ಟಿಂಗ್ಸ್‌ನ ಮೆಟಾಡೇಟಾ ಭಾಗಕ್ಕೆ ಹೋಗಿ, ವಿವರಗಳನ್ನು ಫೈಲಿನೊಳಗೇ ಬರೆಯುವಂತೆ ಒಮ್ಮೆ ಗುರುತು ಹಾಕಿಬಿಡಿ. ಆಮೇಲೆ ಆ ಫೋಟೋ ಯಾವ ಕಂಪ್ಯೂಟರಿಗೆ ಹೋದರೂ ಹೆಸರು ಜೊತೆಗೇ ಹೋಗುತ್ತದೆ. ಕಂಪನಿಯನ್ನೇ ನೆಚ್ಚಿಕೊಂಡರೆ ಏನಾಗುತ್ತದೆಂದು, ಫೋಟೋ ಜೋಡಿಸಿಡುತ್ತಿದ್ದ ಪಿಕಾಸಾ ಬಳಸಿದವರಿಗೆ ನೆನಪಿರಬೇಕು. ಗೂಗಲ್ 2016ರಲ್ಲಿ ಅದನ್ನು ನಿಲ್ಲಿಸಿತು.

ಇಲ್ಲಿ ಕನ್ನಡದ ಮಾತು ಬರುತ್ತದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಮ್ಮ ಕಡೆಯ ಸ್ಟುಡಿಯೋಗಳಲ್ಲಿ ಕನ್ನಡ ಎಂದರೆ ‘ನುಡಿ’ ಇಲ್ಲವೇ ‘ಬರಹ’ ತಂತ್ರಾಂಶ, ಅವುಗಳ ಹಳೆಯ ಫಾಂಟುಗಳು. ಹಳೆಯ ಫೋಟೋಶಾಪಿಗೆ ನಮ್ಮ ಒತ್ತಕ್ಷರ ಕೂಡಿಸಲು ಬರುತ್ತಿರಲಿಲ್ಲ, ಹಾಗಾಗಿ ಆ ದಾರಿ ಅನಿವಾರ್ಯವಾಗಿತ್ತು. ಆದರೆ ಆ ಫಾಂಟಿನಲ್ಲಿ ‘ಗಾಣಗಾಪುರ’ ಎಂದು ಬರೆದರೆ ಕಂಪ್ಯೂಟರ್ ಒಳಗೆ ಇಟ್ಟುಕೊಳ್ಳುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಒಂದು ಕಲಸುಮೇಲೋಗರ. ಆ ಫಾಂಟ್ ಇಲ್ಲದ ಕಡೆ ಅದನ್ನು ಓದಲಾಗದು, ಹುಡುಕಿದರೂ ಸಿಗದು. ದಯವಿಟ್ಟು ವಿವರವನ್ನು ಯುನಿಕೋಡಿನಲ್ಲಿ ಬರೆಯಿರಿ. ನಿಮ್ಮ ಫೋನಿನಲ್ಲಿ ನೀವು ದಿನವೂ ಒತ್ತುವ ಕನ್ನಡ ಯುನಿಕೋಡೇ. ನುಡಿ, ಬರಹಗಳಲ್ಲೂ ಯುನಿಕೋಡಿನ ಆಯ್ಕೆ ಇದೆ. ಗಿಂಪ್ ಎಂಬ ಉಚಿತ ಸಾಫ್ಟ್‌ವೇರ್ ಯುನಿಕೋಡ್ ಕನ್ನಡವನ್ನು ಫೋಟೋದ ಮೇಲೂ ಸರಿಯಾಗಿ ಮೂಡಿಸುತ್ತದೆ. ಹೊಸ ಫೋಟೋಶಾಪಿನಲ್ಲೂ ಒತ್ತಕ್ಷರ ಕೂಡುತ್ತವೆ.

ಬರೆಯಬೇಕಾದದ್ದು ದೊಡ್ಡದೇನಲ್ಲ. ‘ದೇವಲಗಾಣಗಾಪುರ, ಭೀಮಾ-ಅಮರ್ಜಾ ಸಂಗಮ, ದತ್ತ ಜಯಂತಿಯ ಬೆಳಗು’ ಎಂದರೆ ಸಾಕು. ‘ಆಳಂದ, ಲಾಡ್ಲೆ ಮಶಾಕ ಉರುಸ್’ ಎಂದರೆ ಸಾಕು. ಜೇವರ್ಗಿಯ ಹೊಲದಲ್ಲಿ ಹತ್ತಿ ಬಿಡಿಸುವ ಹೆಣ್ಣುಮಕ್ಕಳ ಫೋಟೋ ಆದರೆ, ಅವರ ಹೆಸರು ಕೇಳಿ, ಅವರು ಹೂಂ ಅಂದರೆ ಅದನ್ನೂ ಬರೆಯಿರಿ. ಫೋಟೋದಲ್ಲಿ ಸಾಹುಕಾರರ ಹೆಸರು ಹೇಗೂ ಉಳಿಯುತ್ತದೆ, ಫ್ಲೆಕ್ಸಿನ ಮೇಲೆ ದಪ್ಪಕ್ಷರದಲ್ಲಿ ಇರುತ್ತದಲ್ಲ!

ಬಣ್ಣ ತಿದ್ದುವ ವಿಷಯ ಹೆಚ್ಚು ಹೇಳುವುದಿಲ್ಲ, ಅದರಲ್ಲಿ ನೀವು ನನಗಿಂತ ಪಳಗಿದವರು. ರಾ ಫೈಲಿನಲ್ಲಿ ತೆಗೆಯುವವರು ‘ಡಾರ್ಕ್‌ಟೇಬಲ್’ ಎಂಬ ಸಾಫ್ಟ್‌ವೇರ್ ನೋಡಬಹುದು. ತಿದ್ದಿದ್ದನ್ನೆಲ್ಲ ಪಕ್ಕದಲ್ಲಿ ಬೇರೆ ಚಿಕ್ಕ ಫೈಲಾಗಿ ಇಡುತ್ತದೆ, ಅಸಲನ್ನು ಮುಟ್ಟುವುದಿಲ್ಲ. ಹಳೆಯ ಕಂಪ್ಯೂಟರ್ ಆದರೆ ತೆವಳುತ್ತದೆ, ಅದನ್ನೂ ಹೇಳಿಬಿಡುತ್ತೇನೆ.

ಇನ್ನು ಇಡುವ ಮಾತು. ಸಾಫ್ಟ್‌ವೇರಿನಲ್ಲಿ ಉಳಿದ ದುಡ್ಡಿಗೆ ಇನ್ನೊಂದು ಹಾರ್ಡ್ ಡಿಸ್ಕ್ ಕೊಳ್ಳಿ. ಒಂದು ಪ್ರತಿ ಕಂಪ್ಯೂಟರಿನಲ್ಲಿ, ಒಂದು ಡಿಸ್ಕಿನಲ್ಲಿ, ಇನ್ನೊಂದು ಬೇರೆ ಊರಲ್ಲಿ, ಅಕ್ಕನ ಮನೆಯಲ್ಲಾದರೂ ಸರಿ. ಹೊಳೆ ದಂಡೆಯ ಊರಿನವರಿಗೆ ಮೂರನೆಯದರ ಬೆಲೆ ಗೊತ್ತು. ಪ್ರತಿ ಮಾಡಿ, ತೆರೆದು ನೋಡಿ, ಆಮೇಲಷ್ಟೇ ಕಾರ್ಡ್ ಖಾಲಿ ಮಾಡಿ. ಅಪ್ಪಿತಪ್ಪಿ ಅಳಿಸಿಬಿಟ್ಟಿರೋ, ಆ ಕಾರ್ಡಿನಲ್ಲಿ ಮತ್ತೊಂದು ಕ್ಲಿಕ್ ಮಾಡದೆ ಹೊರತೆಗೆದಿಡಿ. ‘ಫೋಟೋರೆಕ್’ ಎಂಬ ಉಚಿತ ಸಾಫ್ಟ್‌ವೇರ್ ಹಲವು ಸಲ ಅಳಿಸಿಹೋದ ಫೋಟೋಗಳನ್ನು ಮರಳಿ ತರುತ್ತದೆ. ನನ್ನ ತಂಗಿಯ ಮಗನ ಜವಳದ ಫೋಟೋಗಳು ಹಾಗೆ ಬದುಕಿದವು. ಗೂಗಲ್ ಫೋಟೋಸ್‌ನಲ್ಲಿ ಇದೆಯಲ್ಲ ಎನ್ನುವವರಿಗೂ ಒಂದು ಮಾತು: 2021ರ ಜೂನ್ 1ರಿಂದ ಅಲ್ಲಿ ಏರಿಸುವುದೆಲ್ಲ ಉಚಿತ 15 ಜಿಬಿಯ ಲೆಕ್ಕಕ್ಕೆ ಸೇರುತ್ತದೆ, ಆ ಲೆಕ್ಕದಲ್ಲಿ ನಿಮ್ಮ ಜಿಮೇಲೂ ಇದೆ.

ಫೋಟೋ ತೆಗೆಸುವ ಮನೆಯವರಲ್ಲೂ ಒಂದು ವಿನಂತಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನಂತೆ, ಬೇರೆ ಕರಾರು ಇಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದವರೇ ಆ ಫೋಟೋದ ಮೊದಲ ಹಕ್ಕುದಾರರು. ಆಲ್ಬಮ್ ತರುವಾಗ ಪೆನ್‌ಡ್ರೈವ್ ಒಯ್ದು ಅಸಲು ಫೈಲುಗಳನ್ನೂ ಪ್ರೀತಿಯಿಂದ ಕೇಳಿ ಪಡೆಯಿರಿ. ನೀವು ಒಂದು ಪ್ರತಿ ಇಟ್ಟುಕೊಂಡರೆ ಸ್ಟುಡಿಯೋದವರ ಹೊರೆಯೂ ಇಳಿಯುತ್ತದೆ. ವಾಟ್ಸ್‌ಆ್ಯಪಿನಲ್ಲೇ ಕಳಿಸಬೇಕಾದರೆ ಫೋಟೋ ಎಂದು ಕಳಿಸದೆ ‘ಡಾಕ್ಯುಮೆಂಟ್’ ಆಗಿ ಕಳಿಸಿ. ಆಗ ಕುಗ್ಗುವುದಿಲ್ಲ, ಒಳಗಿನ ಮಾಹಿತಿಯೂ ಹಾಗೇ ಬರುತ್ತದೆ.

ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ, ತಾಲ್ಲೂಕಿನ ಕಾಲೇಜುಗಳಲ್ಲಿ ಓದುತ್ತಿರುವವರೇ, ಕಂಪ್ಯೂಟರ್ ನಿಮಗೆ ಸಲೀಸು. ನಿಮ್ಮೂರ ಸ್ಟುಡಿಯೋಗೆ ಒಂದು ಭಾನುವಾರ ಹೋಗಿ ಡಿಜಿಕ್ಯಾಮ್ ಹಾಕಿಕೊಡಿ, ಒಂದು ಮದುವೆಯನ್ನು ಜೊತೆಗೆ ಕೂತು ಹಸನು ಮಾಡಿಕೊಡಿ. ನೀವೇ ತೆಗೆದ ಹಳೆಯ ಗುಡಿ, ಬಾವಿ, ಮೊಹರಂನ ಅಲಾಯಿ ಕುಣಿತದ ಫೋಟೋಗಳನ್ನು ವಿಕಿಮೀಡಿಯ ಕಾಮನ್ಸ್‌ಗೆ ಏರಿಸಿ. ಅಲ್ಲಿ ಫೋಟೋ ಕುಗ್ಗುವುದಿಲ್ಲ, ಕನ್ನಡದಲ್ಲೇ ವಿವರ ಬರೆಯಬಹುದು. ಒಮ್ಮೆ ಏರಿಸಿದ್ದನ್ನು ನಿಮ್ಮ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು ಎಂಬುದನ್ನು ಮಾತ್ರ ತಿಳಿದು ಏರಿಸಿ.

ಹಳೆಯ ಡಿಸ್ಕುಗಳನ್ನು ಒಂದೇ ದಿನ ಮುಗಿಸಲು ಹೋಗಬೇಡಿ, ಬೇಸರ ಬರುತ್ತದೆ. ಇವತ್ತಿನ ಕಾರ್ಡಿನಿಂದ ಶುರು ಮಾಡಿ, ಹಿಂದಿನದನ್ನು ಬಿಡುವಾದಾಗ ನೋಡಿಕೊಂಡರಾಯಿತು. ಅದರಲ್ಲೆಲ್ಲಾದರೂ ಬಂಡಿಯ ಮೇಲೆ ಕುಳಿತ ಆ ಅಜ್ಜಿ ಸಿಕ್ಕರೆ ಊರಿನ ಹೆಸರು ಬರೆದಿಡಿ. ಅದಕ್ಕೂ ಮೊದಲು, ಈಗಲೇ, ನಿಮ್ಮ ಕ್ಯಾಮೆರಾದ ಗಡಿಯಾರ ಒಮ್ಮೆ ನೋಡಿ. ನನ್ನದು ಹೋದ ವಾರದವರೆಗೂ 2017ರಲ್ಲೇ ನಿಂತಿತ್ತು.