ದುಡಿಮೆಯೂ ಸೂರೂ

ಕೋಲಾರ ಚಿನ್ನದ ಗಣಿಯ ಕೆಲಸಗಾರರು ಒಂದು ಕಾಲಕ್ಕೆ ಗಣಿಯ ಮಗ್ಗುಲಲ್ಲೇ ವಾಸವಾಗಿದ್ದರು. ‘ಲೈನು’ಗಳೆಂಬ ಆ ಮನೆಗಳು ಬಹಳ ಇಕ್ಕಟ್ಟಾದವು, ನಿಜ, ಆದರೆ ಪಾಳಿಗೆ ನಡೆದೇ ಹೋಗಬಹುದಾಗಿತ್ತು. 2001ರಲ್ಲಿ ಗಣಿ ಮುಚ್ಚಿತು. ಮನೆಗಳು ಉಳಿದವು, ದುಡಿಮೆ ಉಳಿಯಲಿಲ್ಲ. ಇಂದು ಅಲ್ಲಿನ ಸಾವಿರಾರು ಮಂದಿ ನಸುಕಿನಲ್ಲಿಯೇ ರೈಲನ್ನೇರಿ, ಸುಮಾರು 100 ಕಿಲೋಮೀಟರು ದೂರದ ಬೆಂಗಳೂರಿಗೆ ಹೋಗಿ, ಕತ್ತಲಾದ ಮೇಲೆ ಮರಳುತ್ತಾರೆ. ನಗರದಲ್ಲಿಯೇ ನೆಲೆಸೋಣವೆಂದರೆ ಸಂಬಳದ ದೊಡ್ಡ ಪಾಲು ಬಾಡಿಗೆಗೇ ಸಂದುಹೋಗುತ್ತದೆ. ಮುಂಗಡದ ಮಾತಂತೂ ಬೇರೆಯೇ.

ಇದು ಕೆಲಸಗಾರನೊಬ್ಬನ ಕಷ್ಟವೆಂದು ಮಾಲೀಕರು ಭಾವಿಸಬಾರದು. ರೈಲು ತಡವಾದ ದಿನ ಯಂತ್ರದ ಮುಂದೆ ಆಳಿರುವುದಿಲ್ಲ. ಕೆಲಸ ಚೆನ್ನಾಗಿ ಕಲಿತವನೂ ಮನೆಯ ಸಮೀಪ ಕಡಿಮೆ ಕೂಲಿ ದೊರೆತರೆ ಬಿಟ್ಟು ಹೋಗುತ್ತಾನೆ. ಕೈಗಾರಿಕೆಗೆಂದು ನೆಲ, ನೀರು, ವಿದ್ಯುತ್ತನ್ನು ಒದಗಿಸುವ ಸರಕಾರವು ಕೈಗೆಟುಕುವ ಬಾಡಿಗೆಯ ಮನೆಗಳನ್ನೂ ಆ ಲೆಕ್ಕದಲ್ಲಿ ಸೇರಿಸತಕ್ಕದ್ದು. ಆದರೆ ಅವು ಕಾರ್ಖಾನೆಯ ಸ್ವತ್ತಾಗಕೂಡದು. ಆದರೆ, ಕೆಲಸ ಹೋದ ದಿನವೇ ಸೂರೂ ಹೋದೀತು.