ಸೀಟು ಸಿಕ್ಕಿತು, ಆಮೇಲೆ?

ಹೋದ ವಾರ ರಾತ್ರಿ ಹತ್ತೂವರೆಗೆ ಚಿಕ್ಕಪ್ಪನ ಮಗಳ ಫೋನು. ಈ ವರ್ಷ ಬೆಂಗಳೂರಿಗೆ ಇಂಜಿನಿಯರಿಂಗ್‌ಗೆ ಬಂದಿದ್ದಾಳೆ. “ಅಣ್ಣಾ, ನನಗಿಲ್ಲಿ ಆಗವಲ್ದು. ಊರಿಗೆ ಹೋಗ್ತೀನಿ. ಅಪ್ಪಗ ನೀನ ಹೇಳು.” ಅಷ್ಟೇ ಮಾತು. ಆಮೇಲೆ ಅಳು.

ಲ್ಯಾಪ್‌ಟಾಪ್ ಮುಚ್ಚಿದೆ. ಇದೇ ಮಾತು 2015ರಲ್ಲಿ ನನ್ನ ಬಾಯಲ್ಲೂ ಇತ್ತು.

ನಮ್ಮೂರು ರಾಯಚೂರು ಜಿಲ್ಲೆಯ ಯಾಪಲದಿನ್ನಿ. 371ಜೆ ಅಡಿ ನಮ್ಮ ಭಾಗದ ಮಕ್ಕಳಿಗೆ ರಾಜ್ಯದ ಉಳಿದ ಕಡೆಯ ಕಾಲೇಜುಗಳಲ್ಲೂ ಶೇ. 8ರಷ್ಟು ಸೀಟು ಇರುತ್ತೆ. ನನಗೂ ಹಾಗೇ ಬೆಂಗಳೂರಲ್ಲಿ ಸೀಟು ಸಿಕ್ಕಿತು. ಅಪ್ಪ ಸಾಲ ಮಾಡಿ ಫೀಸು ಕಟ್ಟಿದರು. ಸೀಟು ಹೇಗೆ ತಗೋಬೇಕು ಅಂತ ಹೇಳೋರು ಹತ್ತು ಜನ ಇದ್ದರು. ಅಲ್ಲಿ ಹೇಗೆ ಉಳೀಬೇಕು ಅಂತ ಒಬ್ಬರೂ ಹೇಳಲಿಲ್ಲ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಓದಿದವನು ನಾನು. ಮೊದಲ ಸೆಮಿಸ್ಟರ್‌ನಲ್ಲೇ ಎರಡು ಸಬ್ಜೆಕ್ಟ್ ಹೋದವು.

ಕಾಲೇಜಲ್ಲಿ ನಮಗೊಬ್ಬರು ಮೆಂಟರ್ ಮೇಡಂ ಇದ್ದರು. ತಿಂಗಳಿಗೊಮ್ಮೆ ರಿಜಿಸ್ಟರ್ ಬರ್ತಿತ್ತು. ‘ಏನಾದರೂ ಸಮಸ್ಯೆ?’ ಅನ್ನೋ ಕಾಲಂನಲ್ಲಿ ‘ಇಲ್ಲ’ ಅಂತ ಬರೆದು ಸಹಿ ಹಾಕ್ತಿದ್ದೆ. ಫೇಲಾದ ತಿಂಗಳೂ ‘ಇಲ್ಲ’ ಅಂತಲೇ ಬರೆದೆ. ಅವರೂ ಸಹಿ ಹಾಕಿದರು.

ಕೊನೆಗೆ ಟಿ.ಸಿ. ಕೇಳೋಕೆ ಹೋದೆ. ಯಾಕೆ ಫೇಲಾದೆ ಅಂತ ಮೇಡಂ ಕೇಳಲಿಲ್ಲ. “ಯಾವ ಪಾಠದಿಂದ ತಿಳೀತಿಲ್ಲ?” ಅಂದರು. ನಮ್ಮ ಕಡೆಯ ಒಬ್ಬ ಸೀನಿಯರ್ ಜೊತೆ ಕೂರಿಸಿದರು. ಅವನು ಇಂಟಿಗ್ರೇಷನ್ ಅನ್ನು ನಮ್ಮ ಭಾಷೆಯಲ್ಲೇ ಹೇಳಿಕೊಟ್ಟ. ಮುಂದಿನ ಸಲ ಎರಡೂ ಪಾಸು.

ಅದಕ್ಕೇ ತಂಗಿಗೆ ‘ಧೈರ್ಯವಾಗಿರು’ ಅನ್ನಲಿಲ್ಲ. ಮೂರು ಕೆಲಸ ಹೇಳಿದೆ.

ಒಂದು, ನಾಳೆನೇ ಮೆಂಟರ್ ಹತ್ರ ಹೋಗು. ‘ಕಷ್ಟ ಆಗ್ತಿದೆ’ ಅನ್ನಬೇಡ. ಯಾವ ಸಬ್ಜೆಕ್ಟು, ಯಾವ ಪಾಠ ಅಂತ ಹೇಳು.

ಎರಡು, ಕಾಲೇಜಲ್ಲಿ ಕೌನ್ಸೆಲರ್ ಯಾರು ಅಂತ ಕೇಳು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಅರ್ಹ ಕೌನ್ಸೆಲರ್ ಇರಲೇಬೇಕು ಅಂತ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ರಾತ್ರಿ ಹೊತ್ತು ತೀರಾ ತಡೀಲಾರದಂಗ ಆದ್ರೆ ಟೆಲಿ ಮಾನಸ್, 14416. ಸರ್ಕಾರದ್ದು, ಉಚಿತ, 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು.

ಮೂರು, ಪಿಜಿ ಬಾಡಿಗೆ ಚಿಂತೆ. ಸರ್ಕಾರಿ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ ಯೋಜನೆಯ ಊಟ-ವಸತಿ ಸಹಾಯಧನ ಇದೆ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಬೇಕು. ಕೊನೆ ದಿನಾಂಕ ನೋಡಿಕೋ.

“ಕೌನ್ಸೆಲರ್ ಹತ್ರ ಹೋದ್ರ ಹುಚ್ಚಿ ಅನ್ನಲ್ಲೇನಣ್ಣ?”

ನಮ್ಮ ಆಫೀಸಲ್ಲಿ ಹದಿನೈದು ವರ್ಷ ಅನುಭವ ಇರೋರೂ ದಿನಕ್ಕೆರಡು ಸಲ ‘ಇದು ನಂಗೆ ಗೊತ್ತಾಗ್ತಿಲ್ಲ, ಸ್ವಲ್ಪ ನೋಡ್ತೀರಾ?’ ಅಂತಾರೆ. ಅವರನ್ನು ಯಾರೂ ದಡ್ಡರು ಅನ್ನಲ್ಲ. ಇದನ್ನೇ ಹೇಳಿದೆ. ಸುಮ್ಮನಾದಳು.

ಸೋಮವಾರ ಮಧ್ಯಾಹ್ನ ವಾಟ್ಸಾಪ್ ಬಂತು: “ಮೇಡಂ ಹತ್ರ ಹೋಗಿದ್ದೆ. ಮ್ಯಾಥ್ಸ್, ಎರಡನೇ ಯೂನಿಟ್.” ಊರಿನ ವಿಷಯ ಎತ್ತಿರಲಿಲ್ಲ. ಇನ್ನೂ ಎತ್ತಬಹುದು, ಸೆಮಿಸ್ಟರ್ ಮುಗಿದಿಲ್ಲ.

ನಿಮ್ಮೂರಿಂದಲೂ ಈ ವರ್ಷ ಯಾರಾದರೂ ಕಾಲೇಜಿಗೆ ಬಂದಿರ್ತಾರೆ. ಇವತ್ತು ಒಂದು ಫೋನ್ ಮಾಡಿ. ‘ಹೆಂಗದಿ?’ ಅಂದ್ರೆ ‘ಚಲೋ ಅದೀನಿ’ ಅಂತಾರೆ, ನಾನು ರಿಜಿಸ್ಟರ್‌ನಲ್ಲಿ ಬರೀತಿದ್ದ ಹಾಗೆ. ‘ಯಾವ ಪಾಠ ತಿಳೀತಿಲ್ಲ?’ ಅಂತ ಕೇಳಿ ನೋಡಿ.