ಡಮಾಸ್ಕಸ್ಸಿನ ಹೆಸರು, ಕಮ್ಮಾರನ ಬೆವರು

ಡಮಾಸ್ಕಸ್ ಖಡ್ಗದ ಕೀರ್ತಿಯನ್ನು ಕೇಳದವರಿಲ್ಲ. ಅದರ ಉಕ್ಕು ಎಲ್ಲಿಯದೆಂದು ಕೇಳುವವರು ವಿರಳ. ದಕ್ಷಿಣ ಭಾರತದ, ಸಿಂಹಳದ ಮೂಸೆಗಳಲ್ಲಿ ಕರಗಿ ಗಟ್ಟಿಯಾದ ಉಕ್ಕು ಹಡಗೇರಿ, ಪರ್ಷಿಯದ ಒಂಟೆಸಾಲುಗಳೊಡನೆ ಸಾಗಿ ಪಶ್ಚಿಮ ಏಷ್ಯದ ಪೇಟೆಗಳನ್ನು ಸೇರುತ್ತಿತ್ತು. ಮಧ್ಯ ಏಷ್ಯದ ಮರ್ವ್ ಪಟ್ಟಣದಲ್ಲಿಯೂ ಮೂಸೆಯ ಉಕ್ಕು ತಯಾರಾಗುತ್ತಿದ್ದುದು ನಿಜ. ಆದರೂ ಅರಬ್ಬರು ಮೇಲ್ತರದ ಖಡ್ಗವನ್ನು ‘ಮುಹನ್ನದ್’, ಅಂದರೆ ಹಿಂದದ್ದು, ಎಂದು ಕರೆದರು. ಮೂಲವನ್ನು ಮರೆತು ಮಾರುಕಟ್ಟೆಯ ಹೆಸರನ್ನು ಕಟ್ಟಿದ್ದು ಯುರೋಪು.

ಈ ಮರೆವು ಮುಂಬಯಿಯಲ್ಲಿಯೂ ಮರುಕಳಿಸಿತು. 1794ರಲ್ಲಿ ವೈದ್ಯ ಹೆಲೆನಸ್ ಸ್ಕಾಟ್ ಮುಂಬಯಿಯಿಂದ ಲಂಡನ್ನಿನ ಜೋಸೆಫ್ ಬ್ಯಾಂಕ್ಸ್‌ಗೆ ಈ ಉಕ್ಕಿನ ಮಾದರಿಗಳನ್ನು ಕಳುಹಿಸಿದನು. ಮರುವರ್ಷ ಜಾರ್ಜ್ ಪಿಯರ್ಸನ್ ಪ್ರಕಟಿಸಿದ ಪ್ರಬಂಧದ ತಲೆಬರಹವೇ ಇದು ಮುಂಬಯಿಯಲ್ಲಿ ತಯಾರಾದ ‘ವೂಟ್ಸ್’ ಎಂದು ಸಾರಿತು. ‘ವೂಟ್ಸ್’ ನಮ್ಮ ‘ಉಕ್ಕಿ’ನ ಅಪಭ್ರಂಶವೆಂಬುದು ವಿದ್ವಾಂಸರಲ್ಲಿ ಬಹುಮಟ್ಟಿಗೆ ಒಪ್ಪಿತವಾದ ಮಾತು. ನೌಪಾಡಾದಲ್ಲಿ ನೆಲೆಸಿ ಕನ್ನಡವನ್ನು ಕಾಯುತ್ತಿರುವ ನಮಗೆ ಇದು ವಿಶೇಷವಾಗಿ ಚುಚ್ಚುತ್ತದೆ: ಸರಕು ಹೊರಟ ಬಂದರೇ ಅದರ ತವರೆನಿಸಿತು.

ಆದರೆ ಇಷ್ಟಕ್ಕೆ ಎದೆಯುಬ್ಬಿಸಿ ‘ಜಗತ್ತಿಗೆ ಉಕ್ಕು ಕೊಟ್ಟವರು ಕನ್ನಡಿಗರು’ ಎಂದು ವೇದಿಕೆಗಳಲ್ಲಿ ಘೋಷಿಸುವವರನ್ನೂ ನಾವು ಒಪ್ಪಲಾರೆವು. ‘ಉಕ್ಕು’ ತೆಲುಗರ ಮಾತೂ ಹೌದು. ತಮಿಳುನಾಡಿನಲ್ಲಿಯೂ ಮೂಸೆಗಳು ಉರಿದಿವೆ. ಅದಕ್ಕಿಂತ ಹೆಚ್ಚಾಗಿ, ಈ ಘೋಷಣೆಯಲ್ಲಿ ಪದವಿದೆ, ಮನುಷ್ಯನಿಲ್ಲ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಉಕ್ಕಿನ ಕುಲುಮೆಗೆ 13 ಆಳುಗಳು ಬೇಕೆಂದು ಬರೆದಿದ್ದಾನೆ: ಮೂಸೆ ಮಾಡಿ ತುಂಬುವ ಒಬ್ಬ ಹಿರಿಯ, ಸರದಿಯಲ್ಲಿ ಬೆಂಕಿ ಕಾಯುವ ಮತ್ತು ತಿದಿಯೊತ್ತುವ ಹನ್ನೆರಡು ಮಂದಿ. ಕಬ್ಬಿಣದ ತುಂಡಿನೊಡನೆ ತಂಗಡಿಯ ಕಡ್ಡಿ, ಹಸಿ ಎಲೆಗಳನ್ನಿಟ್ಟು ಮಣ್ಣಿನ ಮೂಸೆಯ ಬಾಯಿ ಮುಚ್ಚುತ್ತಿದ್ದರು. ಇಂಗಾಲ ಕಬ್ಬಿಣದೊಳಕ್ಕೆ ಇಳಿಯುತ್ತಿತ್ತು. ಇದು ಮಂತ್ರವಲ್ಲ, ‘ಕಳೆದುಹೋದ ರಹಸ್ಯ’ವೂ ಅಲ್ಲ, ಕೈಯಿಂದ ಕೈಗೆ ದಾಟಿದ ಅಳತೆ, ತಾಳ್ಮೆ, ದುಡಿಮೆ. ಚಿತ್ರದುರ್ಗದ ಕಡೆಯ ಗಟ್ಟಿಹೊಸಹಳ್ಳಿಯಲ್ಲಿ ಸಿಕ್ಕ ಮೂಸೆಯ ಚೂರುಗಳು ಅದಕ್ಕೆ ಸಾಕ್ಷಿ.

ಡಮಾಸ್ಕಸ್ ಆ ಹದಿಮೂವರನ್ನು ಮರೆತದ್ದು ವ್ಯಾಪಾರದ ಸ್ವಭಾವ. ಅಭಿಮಾನವೂ ಅವರನ್ನು ಮರೆತರೆ ಅದು ಅದೇ ವ್ಯಾಪಾರದ ಇನ್ನೊಂದು ಅಂಗಡಿ. ಹೊರನಾಡಿನಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ‘ಉಕ್ಕು’ ಎಂಬ ಪದವನ್ನು ಹೇಳಿಕೊಡುವಾಗ ಮೂಸೆ, ತಿದಿ, ಕುಲುಮೆಗಳನ್ನೂ ಹೇಳಿಕೊಡೋಣ. ಬರಿಯ ಹೆಮ್ಮೆಗೆ ಬೇಗ ತುಕ್ಕು ಹಿಡಿಯುತ್ತದೆ.